ಮರಿ ನೋಡುವ ಮೊದಲು ತಾಯಿಯನ್ನು ನೋಡಿ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ. ಸಂಚಿಕೆಗಾಗಿ ಸ್ವಲ್ಪ ತಿದ್ದಿ ಬರೆದುಕೊಟ್ಟಿದ್ದೇನೆ.)



ಸಮಿತಿಯವರು ನನಗೆ ಫೋನ್ ಮಾಡಿದಾಗ ಕೊಟ್ಟ ವಿಷಯ 'ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಗ್ರಾಮೀಣ ಮಕ್ಕಳಿಗಿರುವ ಅವಕಾಶಗಳು'. ಆ ವಿಷಯವನ್ನು ನನಗಿಂತ ಚೆನ್ನಾಗಿ ಹೇಳಬಲ್ಲ ಇಬ್ಬರು ಈ ಗೋಷ್ಠಿಯಲ್ಲೇ ಇದ್ದಾರೆ. ನಾನು ನಾಯಿಯ ಬಗ್ಗೆ ಮಾತಾಡಲೇ ಎಂದು ಕೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, "ಆಗಲಿ, ಹತ್ತು ನಿಮಿಷ ಮೀರಬೇಡಿ" ಅಂದರು. ಹತ್ತು ನಿಮಿಷ ಮೀರಬಹುದು, ಕ್ಷಮಿಸಬೇಕು. ಈ ಮಾತಿನಲ್ಲಿ ನಮ್ಮ ಮನೆಯ ವಿಷಯವೂ ಬರುತ್ತದೆ. ಅಪ್ಪ, ಅವ್ವ ಅಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಅವರ ಪಕ್ಕದಲ್ಲಿ ನನ್ನ ತಂಗಿ ಇದ್ದಾಳೆ. ಮೂವರನ್ನೂ ಕೇಳಿ, ಒಪ್ಪಿಗೆ ಪಡೆದೇ ಇಲ್ಲಿ ನಿಂತಿದ್ದೇನೆ.

ನನ್ನ ತಂಗಿ ಇದೇ ಶಾಲೆಯಲ್ಲಿ ಓದಿದವಳು, ನನಗಿಂತ ಮೂರು ವರ್ಷ ಚಿಕ್ಕವಳು. ಓದಿನಲ್ಲಿ ಮುಂದು. ಆದರೆ ಸಂಜೆಯಾದರೆ ಎಡವುತ್ತಿದ್ದಳು. ಹಟ್ಟಿಯ ಹೊಸ್ತಿಲು, ಬಾವಿಕಟ್ಟೆ, ಕಟ್ಟಿದ ದನದ ಹಗ್ಗ, ಎಲ್ಲಕ್ಕೂ ಕಾಲು ತಗುಲಿಸಿಕೊಳ್ಳುತ್ತಿದ್ದಳು. "ಕಣ್ಣು ಎಲ್ಲಿಟ್ಟಿದ್ದೀಯೆ?" ಎಂದು ಎಲ್ಲರೂ ಬೈಯುತ್ತಿದ್ದೆವು. ಅವಳಿಗೆ ಇರುಳುಗಣ್ಣು ಇರಬಹುದೆಂದು ಮೊದಲು ಅನುಮಾನಪಟ್ಟವರು ಈ ಶಾಲೆಯ ವಿಜ್ಞಾನದ ಮೇಷ್ಟ್ರು. ವಾರ್ಷಿಕೋತ್ಸವದ ನಾಟಕದ ತಾಲೀಮು ಸಂಜೆ ಹೊತ್ತು ನಡೆಯುತ್ತಿತ್ತು. ಬೆಳಕು ಇಳಿದ ಮೇಲೆ ತಂಗಿ ಗೋಡೆ ಸವರಿಕೊಂಡು ನಡೆಯುವುದನ್ನು ಅವರು ಗಮನಿಸಿದರು. ಮರುದಿನವೇ ನಮ್ಮ ಮನೆಗೆ ಬಂದು, "ಈ ಮಗುವನ್ನು ಕಣ್ಣಿನ ಡಾಕ್ಟರಿಗೆ ತೋರಿಸಿ, ಹಸಿರು ಸೊಪ್ಪು, ಕ್ಯಾರೆಟ್ ತಿನ್ನಿಸಿ ಸುಮ್ಮನಾಗಬೇಡಿ" ಎಂದು ಅಪ್ಪನಿಗೆ ಹೇಳಿ ಹೋದರು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣಿಗೆ ಔಷಧಿ ಬಿಟ್ಟು, ಬಹಳ ಹೊತ್ತು ಒಳಗೆ ನೋಡಿದರು. ಆಮೇಲೆ ಅವರು ಕೇಳಿದ ಮೊದಲ ಪ್ರಶ್ನೆ ಕಣ್ಣಿನದಲ್ಲ. "ತಂದೆ ತಾಯಿ ಸಂಬಂಧದಲ್ಲಿ ಮದುವೆಯಾದವರಾ?" ಎಂದು ಕೇಳಿದರು. ಹೌದು, ಅವ್ವನನ್ನು ಅವಳ ಸೋದರಮಾವನಿಗೇ ಕೊಟ್ಟಿದ್ದರು. ಕಾಯಿಲೆಯ ಹೆಸರು ರೆಟಿನೈಟಿಸ್ ಪಿಗ್ಮೆಂಟೋಸಾ. ಕಣ್ಣಿನ ಹಿಂಭಾಗದ ಅಕ್ಷಿಪಟಲದಲ್ಲಿ ಬೆಳಕನ್ನು ಹಿಡಿಯುವ ಜೀವಕೋಶಗಳು ಒಂದೊಂದಾಗಿ ಸಾಯುತ್ತವೆ. ಮೊದಲು ಮಬ್ಬುಗತ್ತಲೆಯ ನೋಟ ಹೋಗುತ್ತದೆ, ಆಮೇಲೆ ಪಕ್ಕದ ನೋಟ. ಕೊನೆಗೆ ಕೊಳವೆಯೊಳಗಿಂದ ನೋಡಿದಷ್ಟು ಉಳಿಯುತ್ತದೆ. ಎಷ್ಟೋ ಜನರಿಗೆ ಅದೂ ಉಳಿಯುವುದಿಲ್ಲ.

ತಂಗಿ ಓದು ಬಿಡಲಿಲ್ಲ. ಇವತ್ತು ಬೆಂಗಳೂರಿನಲ್ಲಿ ಬ್ಯಾಂಕ್ ಉದ್ಯೋಗಿ. ಪರದೆಯ ಮೇಲಿನದನ್ನು ಓದಿ ಹೇಳುವ ಸಾಫ್ಟ್‌ವೇರ್ ಬಳಸಿ ನನಗಿಂತ ವೇಗವಾಗಿ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಾಳೆ. ಬಿಳಿ ಕೋಲು ಹಿಡಿದು ಓಡಾಡುತ್ತಾಳೆ. ನಾಲ್ಕು ವರ್ಷದ ಹಿಂದೆ ಒಂದು ದಿನ, "ಅಣ್ಣ, ನನಗೊಂದು ನಾಯಿ ಬೇಕು. ಮುದ್ದು ಮಾಡೋಕಲ್ಲ, ಕೆಲಸಕ್ಕೆ" ಅಂದಳು.

ಕುರುಡರಿಗೆ ದಾರಿ ತೋರಿಸುವ ನಾಯಿಗಳ ಕಥೆ ಸ್ವಲ್ಪ ಹೇಳಬೇಕು. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ 1916ರಲ್ಲಿ ಇಂಥ ಮೊದಲ ತರಬೇತಿ ಶಾಲೆ ಶುರುವಾಯಿತು. ಆಮೇಲೆ ಡೊರೊತಿ ಯೂಸ್ಟಿಸ್ ಎಂಬ ಅಮೆರಿಕದ ಮಹಿಳೆ ಈ ಕೆಲಸವನ್ನು ನೋಡಿ ಪತ್ರಿಕೆಯಲ್ಲಿ ಬರೆದರು. ಅದನ್ನು ಓದಿದ ಮೋರಿಸ್ ಫ್ರಾಂಕ್ ಎಂಬ ಕುರುಡ ಯುವಕ 1928ರಲ್ಲಿ ಸ್ವಿಟ್ಜರ್‌ಲೆಂಡಿಗೆ ಹೋಗಿ, ಬಡ್ಡಿ ಎಂಬ ಹೆಣ್ಣುನಾಯಿಯ ಜೊತೆ ತರಬೇತಿ ಪಡೆದು ಅಮೆರಿಕಕ್ಕೆ ಮರಳಿದ. ಮರುವರ್ಷವೇ ಅಲ್ಲಿ 'ಸೀಯಿಂಗ್ ಐ' ಸಂಸ್ಥೆ ಹುಟ್ಟಿತು. ಇದರಲ್ಲಿ ನಾನು ಗಮನಿಸಿದ್ದು ಇನ್ನೊಂದು ಸಂಗತಿ. ಯೂಸ್ಟಿಸ್ ಮೊದಲಿಗೆ ಕುರುಡರಿಗಾಗಿ ನಾಯಿ ಸಾಕಿದವರಲ್ಲ. ಅಂದ ನೋಡಿ ನಾಯಿ ಬೆಳೆಸುವುದು ಬೇಡ, ಗುಣ ಮತ್ತು ಕೆಲಸ ನೋಡಿ ಬೆಳೆಸೋಣ ಎಂದು ಸ್ವಿಟ್ಜರ್‌ಲೆಂಡಿನಲ್ಲಿ ಜರ್ಮನ್ ಶೆಫರ್ಡ್ ತಳಿಯನ್ನು ಆರಿಸಿ ಬೆಳೆಸುತ್ತಿದ್ದವರು. ಅಂದರೆ ದಾರಿ ತೋರುವ ನಾಯಿಯ ಇತಿಹಾಸದಲ್ಲಿ ತರಬೇತಿಯಷ್ಟೇ ತಳಿಯ ಆಯ್ಕೆಗೂ ಜಾಗವಿದೆ.

ನಮ್ಮ ದೇಶದಲ್ಲಿ ಈ ವ್ಯವಸ್ಥೆ ತೀರಾ ಕಡಿಮೆ. ಅಮೆರಿಕದಲ್ಲಿ 1990ರ ಕಾಯಿದೆಯ ಪ್ರಕಾರ ಇಂಥ ನಾಯಿಯನ್ನು ಹೋಟೆಲಿಗೂ ಅಂಗಡಿಗೂ ಕರೆದುಕೊಂಡು ಹೋಗುವ ಹಕ್ಕಿದೆ. ನಮ್ಮ ಬೀದಿಯಲ್ಲಿ ಫುಟ್‌ಪಾತ್ ಇದ್ದರೆ ಕಲ್ಲುಚಪ್ಪಡಿ ಇರುವುದಿಲ್ಲ, ಚಪ್ಪಡಿ ಇದ್ದರೆ ಅದರ ಮೇಲೆ ಬೈಕ್ ನಿಂತಿರುತ್ತದೆ. ಬೀದಿನಾಯಿಗಳ ಕಾಟ ಬೇರೆ. ಹಾಗಾಗಿ ನಾವು ದೊಡ್ಡ ಆಸೆ ಇಟ್ಟುಕೊಳ್ಳಲಿಲ್ಲ. ಮನೆಯಿಂದ ಬಸ್ ನಿಲ್ದಾಣದವರೆಗೆ ಪಕ್ಕದಲ್ಲಿ ನಡೆಯಬೇಕು, ಮೆಟ್ಟಿಲು ಬಂದಾಗ ನಿಲ್ಲಬೇಕು, ಬಿದ್ದ ವಸ್ತು ಎತ್ತಿಕೊಡಬೇಕು, ಇಷ್ಟು ಸಾಕೆಂದುಕೊಂಡೆವು. ಸೇನೆಯ ಶ್ವಾನದಳದಲ್ಲಿದ್ದು ನಿವೃತ್ತರಾದ ಒಬ್ಬರು ತರಬೇತಿ ಕೊಡಲು ಒಪ್ಪಿದರು. "ಮರಿ ತನ್ನಿ, ಆದರೆ ನೋಡಿ ತನ್ನಿ" ಅಂದರು.

ನಾನು ನೋಡಿ ತರಲಿಲ್ಲ.

ಒಂದು ಭಾನುವಾರ ಊರಾಚೆ ಒಂದು ಜಾಗಕ್ಕೆ ಹೋದೆ. ಬ್ರೀಡರ್, ಅಂದರೆ ನಾಯಿ ಸಾಕಿ ಮರಿ ಮಾಡಿಸಿ ಮಾರುವವರು. ಶೆಡ್ಡಿನಲ್ಲಿ ಆರೇಳು ತಳಿಯ ಮರಿಗಳಿದ್ದವು. ಲ್ಯಾಬ್ರಡಾರ್ ಬೇಕು ಎಂದೆ. ಒಂದು ಕಪ್ಪು ಮರಿಯನ್ನು ತಂದು ಕೈಗಿಟ್ಟರು. ತಾಯಿ ಎಲ್ಲಿ ಎಂದರೆ, "ಅದು ನಮ್ಮ ಇನ್ನೊಂದು ಫಾರ್ಮಲ್ಲಿದೆ ಸಾರ್." ವಯಸ್ಸು ಎಷ್ಟು ಎಂದರೆ, "ನಲವತ್ತೈದು ದಿನ ಸಾರ್." ಕಾಗದಪತ್ರ ಎಂದರೆ, "ಪೋಸ್ಟಲ್ಲಿ ಬರುತ್ತೆ ಸಾರ್." ಮರಿ ನನ್ನ ಅಂಗೈ ನೆಕ್ಕಿತು. ಅಷ್ಟಕ್ಕೇ ಹನ್ನೆರಡು ಸಾವಿರ ಎಣಿಸಿ ಕೊಟ್ಟು ಬಂದೆ. ಆಫೀಸಿನಲ್ಲಿ ನನ್ನ ಕೆಲಸವೇ ತಪಾಸಣೆ. ಬೇರೆಯವರು ಬರೆದ ಒಂದು ಸಾಲು ಪ್ರೋಗ್ರಾಮನ್ನೂ ಪರೀಕ್ಷೆ ಮಾಡದೆ ಒಳಗೆ ಬಿಡುವುದಿಲ್ಲ. ಆ ದಿನ ಬಿ.ಇ. ಓದಿದ ತಲೆ ಎಲ್ಲಿ ಹೋಗಿತ್ತೋ ಗೊತ್ತಿಲ್ಲ.

ಪಶುವೈದ್ಯರು ಮರಿಯ ಹಲ್ಲು ನೋಡಿ, "ಇದಕ್ಕೆ ಮೂವತ್ತೈದು ದಿನ ಆಗಿದ್ದರೆ ಹೆಚ್ಚು" ಅಂದರು. ಬಸ್ಸಿನ ಹಾರನ್ ಕೇಳಿದರೆ ಅದು ಮಂಚದ ಕೆಳಗೆ ಸೇರುತ್ತಿತ್ತು. ಎಂಟು ತಿಂಗಳಿಗೆ ಓಡುವಾಗ ಹಿಂಗಾಲು ಎರಡನ್ನೂ ಜೋಡಿಸಿ ಮೊಲದಂತೆ ನೆಗೆಯತೊಡಗಿತು. ಎಕ್ಸ್‌ರೇ ತೆಗೆದರೆ ಸೊಂಟದ ಕೀಲಿನ ಗುಂಡು ಬಟ್ಟಲಿನಲ್ಲಿ ಸರಿಯಾಗಿ ಕೂತಿರಲಿಲ್ಲ. ಹಿಪ್ ಡಿಸ್ಪ್ಲೇಸಿಯಾ ಎನ್ನುತ್ತಾರೆ. ವೈದ್ಯರು ಕೇಳಿದ ಪ್ರಶ್ನೆ ಇಷ್ಟೇ: "ತಾಯಿಯನ್ನು ನೋಡಿದ್ದಿರಾ?"

ಆ ನಾಯಿ ನಿಮಗೆಲ್ಲ ಗೊತ್ತು. ನಮ್ಮ ಮನೆಯ ಜಗುಲಿಯ ಮೇಲೆ ಮಲಗಿರುವ ಕರಿಯ. ಶಾಲೆ ಬಿಟ್ಟ ಮೇಲೆ ಈ ಮಕ್ಕಳೇ ಅದಕ್ಕೆ ಬಿಸ್ಕತ್ತು ಹಾಕುತ್ತಾರೆ. ಅದು ಒಳ್ಳೆಯ ನಾಯಿ, ಅದರ ತಪ್ಪೇನೂ ಇಲ್ಲ. ಕೆಲಸದ ನಾಯಿಯಾಗುವುದು ಅದರಿಂದ ಆಗಲಿಲ್ಲ, ಅಷ್ಟೇ. ತಂಗಿ ಒಂದು ವರ್ಷ ಕಾದದ್ದು ವ್ಯರ್ಥವಾಯಿತು. ಅದು ನನ್ನ ತಪ್ಪು.

ವೈದ್ಯರ ಪ್ರಶ್ನೆ ಕೇಳಿದಾಗ ನನಗೆ ತಾತ ನೆನಪಾದರು. ಅವ್ವನ ಅಪ್ಪ. ಇಲ್ಲಿನ ಹಿರಿಯರು ಅವರನ್ನು ನೋಡಿದ್ದೀರಿ. ಹಳ್ಳಿಕಾರ್ ಎತ್ತುಗಳೆಂದರೆ ಅವರಿಗೆ ಪ್ರಾಣ. ಒಮ್ಮೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಒಂದು ಜೊತೆ ಹೋರಿಕರು ಮನಸ್ಸಿಗೆ ಬಂದವು. ಸುಳಿ ನೋಡಿದರು, ಹಲ್ಲು ನೋಡಿದರು, ಗೊರಸು ನೋಡಿದರು, ನಡೆಸಿ ನೋಡಿದರು. ಟವೆಲಿನ ಕೆಳಗೆ ಕೈ ಹಿಡಿದು ಬೆಲೆಯೂ ಕುದುರಿತು. ಆದರೂ ಅಲ್ಲೇ ದುಡ್ಡು ಕೊಡಲಿಲ್ಲ. ಬಸ್ಸು ಹತ್ತಿ ಮಾರುವವನ ಊರಿಗೇ ಹೋಗಿ, ಅವನ ಕೊಟ್ಟಿಗೆಯಲ್ಲಿ ಆ ಕರುಗಳ ತಾಯಿಯನ್ನು ಕಂಡು, ಹಿಂದಿನ ಸೂಲಿನ ಎತ್ತು ನೊಗಕ್ಕೆ ಹೇಗೆ ಬಗ್ಗುತ್ತದೆಂದು ನೋಡಿಕೊಂಡು ಬಂದರು. ನಾನು ಚಿಕ್ಕವನು, ಜೊತೆಗಿದ್ದೆ. ಸುಸ್ತಾಗಿ ಅಳುತ್ತಿದ್ದೆ. "ಕರ ನೋಡೋಕ್ ಮುಂಚೆ ಅವ್ವನ್ನ ನೋಡ್ಬೇಕು ಕಣ್ಲಾ. ಕರ ಇವತ್ತು ನೆಗೀತದೆ, ಅವ್ವ ನಾಳೆ ಏನಾಯ್ತದೆ ಅಂತ ಹೇಳ್ತದೆ" ಅಂದಿದ್ದರು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂಬ ಗಾದೆಯನ್ನು ನಾವೆಲ್ಲ ಪರೀಕ್ಷೆಯಲ್ಲಿ ವಿಸ್ತರಿಸಿ ಬರೆದಿದ್ದೇವೆ. ತಾತ ಅದನ್ನು ಬಸ್ ಚಾರ್ಜು ಕೊಟ್ಟು ಪಾಲಿಸಿದ್ದರು.

ಎರಡನೆಯ ಸಲ ತಾತನ ದಾರಿ ಹಿಡಿದೆ. ಒಂದು ವರ್ಷ ಓದಿದೆ, ಪಶುವೈದ್ಯರನ್ನು ಕೇಳಿದೆ, ಆರು ಕಡೆ ಹೋಗಿ ಬಂದೆ. ಕಲಿತದ್ದನ್ನು ಹೇಳುತ್ತೇನೆ. ಇದು ಕೆಲಸದ ನಾಯಿಗೆ ಮಾತ್ರವಲ್ಲ, ಮನೆಗೆ ಜಾತಿನಾಯಿ ತರುವವರಿಗೂ ಉಪಯೋಗಕ್ಕೆ ಬರುತ್ತದೆ.

ಮೊದಲನೆಯದು, ಮರಿ ಹುಟ್ಟಿ ಬೆಳೆದ ಜಾಗದಲ್ಲೇ ಅದರ ತಾಯಿಯನ್ನು ನೋಡಬೇಕು. ತಾಯಿಯನ್ನು ತೋರಿಸದವರ ಬಳಿ ಮಾತು ಮುಂದುವರಿಸಬೇಡಿ. ತಾಯಿ ಹೊಸಬರನ್ನು ಕಂಡರೆ ಹೇಗಿರುತ್ತದೆ? ಒಂದೆರಡು ಸಲ ಬೊಗಳಿ, ಮೂಸಿ, ಸುಮ್ಮನಾದರೆ ಒಳ್ಳೆಯದು. ಮೂಲೆಗೆ ಸೇರಿ ನಡುಗಿದರೆ ಅಥವಾ ಮೈಮೇಲೆ ಬಂದರೆ ಆ ಮನೆಯ ಮರಿ ಬೇಡ. ಅಂಜಿಕೆ ಸ್ವಲ್ಪ ಮಟ್ಟಿಗೆ ರಕ್ತದಲ್ಲಿ ಬರುತ್ತದೆ, ಉಳಿದದ್ದನ್ನು ಮರಿ ತಾಯಿಯನ್ನು ನೋಡಿ ಕಲಿಯುತ್ತದೆ.

ಎರಡನೆಯದು, ಎಷ್ಟನೇ ಸೂಲು, ತಾಯಿಗೆ ಎಷ್ಟು ವಯಸ್ಸು ಎಂದು ಕೇಳಬೇಕು. ಹಸು ತರುವಾಗ ನಾವು ಕೇಳುವುದಿಲ್ಲವೇ? ನಾಯಿ ಸಾಕಣೆ ಮತ್ತು ಮಾರಾಟದ ಬಗ್ಗೆ ಕೇಂದ್ರ ಸರ್ಕಾರ 2017ರಲ್ಲಿ ನಿಯಮ ಮಾಡಿದೆ. ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. 18 ತಿಂಗಳು ತುಂಬದ ಹೆಣ್ಣುನಾಯಿಗೆ ಮರಿ ಮಾಡಿಸಬಾರದು. 8 ವಾರ ತುಂಬದ ಮರಿಯನ್ನು ಮಾರಬಾರದು. ಈ 8 ವಾರಕ್ಕೆ ಕಾರಣವಿದೆ. ಕಚ್ಚಿದರೆ ಎಷ್ಟು ನೋವಾಗುತ್ತದೆ ಎಂಬುದನ್ನು ಮರಿ ಕಲಿಯುವುದು ತಾಯಿಯ ಹತ್ತಿರ, ಒಡಹುಟ್ಟಿದ ಮರಿಗಳ ಜೊತೆ ಗುದ್ದಾಡಿ. ಬೇಗ ಬೇರ್ಪಡಿಸಿದರೆ ಆ ಪಾಠ ತಪ್ಪುತ್ತದೆ.

ಮೂರನೆಯದು, ಕೀಲಿನ ವರದಿ. ಅಪ್ಪ ಅವ್ವ ಎರಡೂ ನಾಯಿಗಳ ಸೊಂಟ ಮತ್ತು ಮೊಣಕೈ ಕೀಲಿನ ಎಕ್ಸ್‌ರೇ ಕೇಳಬೇಕು. ಅಮೆರಿಕದ ಪದ್ಧತಿಯಲ್ಲಿ 24 ತಿಂಗಳು ತುಂಬಿದ ಮೇಲೆ ತೆಗೆದ ಎಕ್ಸ್‌ರೇ ನೋಡಿಯೇ ಅಂತಿಮ ದರ್ಜೆ ಕೊಡುತ್ತಾರೆ. ಅದಕ್ಕೂ ಮೊದಲೇ, ಮೊದಲ ಬೆದೆಗೇ ಮರಿ ಮಾಡಿಸಿದವರ ಹತ್ತಿರ ಆ ವರದಿ ಇರಲು ಸಾಧ್ಯವೇ ಇಲ್ಲ. ಕೆಲಸದ ನಾಯಿ ಏಳೆಂಟು ವರ್ಷ ದಿನಾ ನಡೆಯಬೇಕು, ಮೆಟ್ಟಿಲು ಹತ್ತಬೇಕು. ಆದ್ದರಿಂದ ಕೀಲು ಮುಖ್ಯ. ಒಂದು ಮಾತು ಸೇರಿಸುತ್ತೇನೆ. ಅಪ್ಪ ಅವ್ವನ ಕೀಲು ಚೆನ್ನಾಗಿದ್ದರೂ ನಮ್ಮ ಮನೆಗಳ ಜಾರುವ ಟೈಲ್ಸ್ ನೆಲ, ಅತಿಯಾಗಿ ತಿನ್ನಿಸಿ ಬೆಳೆಸಿದ ತೂಕ, ಇವು ಮರಿಯ ಕೀಲು ಕೆಡಿಸಬಲ್ಲವು. ಎಲ್ಲವನ್ನೂ ಬ್ರೀಡರ್ ತಲೆಗೆ ಕಟ್ಟಬಾರದು.

ನಾಲ್ಕನೆಯದು, ಕೆನಲ್ ಕ್ಲಬ್ ಆಫ್ ಇಂಡಿಯಾದ ಕಾಗದ. ಕೆಸಿಐ ಕಾಗದ ಇದ್ದರೆ ಎಲ್ಲ ಸರಿ ಎಂದುಕೊಳ್ಳುತ್ತೇವೆ. ಅದು ವಂಶಾವಳಿಯ ಕಾಗದ. ಅಪ್ಪ ಯಾರು, ಅಜ್ಜ ಯಾರು ಎಂದು ಹೇಳುತ್ತದೆ. ಅಜ್ಜನ ಸೊಂಟ ಹೇಗಿತ್ತೆಂದು ಹೇಳುವುದಿಲ್ಲ. ಆದರೆ ಅದನ್ನು ಓದಲು ಬಂದರೆ ಒಂದು ಉಪಯೋಗವಿದೆ. ಅಪ್ಪನ ಕಡೆ, ಅವ್ವನ ಕಡೆ ಒಂದೇ ಹೆಸರು ಮತ್ತೆ ಮತ್ತೆ ಬಂದಿದ್ದರೆ ಅದು ಒಳಸಂಬಂಧದ ಮರಿ ಎಂದು ತಿಳಿಯುತ್ತದೆ.

ಐದನೆಯದು, ಮರಿಯನ್ನು ಎಲ್ಲಿ ಬೆಳೆಸಿದ್ದಾರೆ ಎಂಬುದು. ಮೂರನೆಯ ವಾರದಿಂದ ಹನ್ನೆರಡು, ಹದಿನಾಲ್ಕನೆಯ ವಾರದವರೆಗೆ ಮರಿಯ ಮನಸ್ಸು ಹಸಿಗೋಡೆಯಂತೆ. ಆಗ ಕಂಡದ್ದು, ಕೇಳಿದ್ದು ಜೀವನಪೂರ್ತಿ ಮಾಮೂಲಾಗುತ್ತದೆ. ಶೆಡ್ಡಿನಲ್ಲಿ ಬೆಳೆದ ಮರಿಗೆ ಮಿಕ್ಸಿ, ಕುಕ್ಕರ್ ಸೀಟಿ, ಮಕ್ಕಳ ಕೂಗು ಎಲ್ಲವೂ ಭೂತ. ಅಡುಗೆಮನೆಯ ಪಕ್ಕ ಬೆಳೆದದ್ದಕ್ಕೆ ಅವು ಲೆಕ್ಕಕ್ಕೇ ಇಲ್ಲ.

ಆರನೆಯದು, ಒಳ್ಳೆಯ ಬ್ರೀಡರ್ ನಮ್ಮನ್ನೇ ಪ್ರಶ್ನೆ ಕೇಳುತ್ತಾರೆ. ಹಗಲು ಮನೆಯಲ್ಲಿ ಯಾರಿರುತ್ತಾರೆ? ಹಿಂದೆ ನಾಯಿ ಸಾಕಿದ್ದೀರಾ, ಅದು ಏನಾಯಿತು? ಹೆಣ್ಣು ಕೊಡುವವರು ವರನ ಮನೆ ವಿಚಾರಿಸಿದ ಹಾಗೆ ವಿಚಾರಿಸುತ್ತಾರೆ. ಸಾಕಲಾಗದಿದ್ದರೆ ಎಷ್ಟು ವರ್ಷವಾದರೂ ವಾಪಸು ನಮಗೇ ತಂದುಕೊಡಿ ಎಂದು ಬರೆಸಿಕೊಳ್ಳುತ್ತಾರೆ. ದುಡ್ಡು ಎಣಿಸಿಕೊಂಡು ಮರಿ ಕೊಟ್ಟು ಕಳಿಸುವವರಿಗೆ ಆ ಚಿಂತೆ ಇರುವುದಿಲ್ಲ.

ಇಲ್ಲಿ ಯಾರಾದರೂ ಕೇಳಬಹುದು, ಲ್ಯಾಬ್ರಡಾರ್ ಯಾಕೆ, ನಮ್ಮ ಮುಧೋಳ ಇಲ್ಲವೇ ಎಂದು. ಮುಧೋಳದ ಬಗ್ಗೆ ನನಗೂ ಹೆಮ್ಮೆ ಇದೆ. 2005ರಲ್ಲಿ ಅದರ ಅಂಚೆಚೀಟಿ ಬಂದಿದೆ, 2016ರಲ್ಲಿ ಸೇನೆಯವರು ಅದರ ಮರಿಗಳನ್ನು ತರಬೇತಿಗೆ ಮೀರತ್‌ಗೆ ಒಯ್ದಿದ್ದಾರೆ. ಆದರೆ ಅದು ಕಣ್ಣಿಗೆ ಕಂಡದ್ದನ್ನು ಅಟ್ಟಿ ಹಿಡಿಯಲು ತಲೆಮಾರುಗಳಿಂದ ಬೆಳೆಸಿದ ಬೇಟೆನಾಯಿ. ಎದುರಿಗೆ ಬೆಕ್ಕು ಓಡಿದರೆ ನನ್ನ ತಂಗಿಯನ್ನು ಬಿಟ್ಟು ಅದರ ಹಿಂದೆ ಹೋಗುವುದು ಅದರ ಸ್ವಭಾವ. ಇನ್ನು ಬೀದಿನಾಯಿ. ಮನೆಗೆ ಒಂದು ನಾಯಿ ಬೇಕು ಎನ್ನುವವರು ದಯವಿಟ್ಟು ಬೀದಿಯ ಮರಿಯನ್ನೇ ತಂದು ಸಾಕಿ, ಲಸಿಕೆ ಹಾಕಿಸಿ. ಅದಕ್ಕಿಂತ ಪುಣ್ಯದ ಕೆಲಸ ಇಲ್ಲ. ಕಣ್ಣಿಲ್ಲದವರು ನಂಬಿ ರಸ್ತೆಗಿಳಿಯಬೇಕಾದ ನಾಯಿಗೆ ಮಾತ್ರ ಹಿಂದಿನ ಎರಡು ತಲೆಮಾರಿನ ಕಥೆ ಗೊತ್ತಿರಬೇಕು.

ಕೊನೆಗೆ ಮೈಸೂರಿನ ಕಡೆ ಒಬ್ಬ ನಿವೃತ್ತ ದಂಪತಿ ಸಿಕ್ಕಿದರು. ಎರಡೇ ಹೆಣ್ಣುನಾಯಿ, ಎರಡು ಮೂರು ವರ್ಷಕ್ಕೊಂದು ಸೂಲು. ಹನ್ನೊಂದು ತಿಂಗಳು ಕಾಯಿಸಿದರು. ತಂಗಿಯನ್ನೂ ಕರೆದುಕೊಂಡು ಹೋಗಿದ್ದೆ. ತಾಯಿನಾಯಿ ಎದ್ದು ಬಂದು ಅವಳ ಬಿಳಿ ಕೋಲನ್ನು ಮೇಲಿನಿಂದ ಕೆಳಗೆ ಮೂಸಿ, ಅವಳ ಕಾಲ ಬಳಿ ಮಲಗಿತು. ಆ ಅಮ್ಮ ಕಾಫಿ ಕೊಟ್ಟು ವರದಿಗಳ ಫೈಲ್ ಮುಂದಿಟ್ಟರು. ಕೀಲು ಸರಿ ಇತ್ತು. ಮುಂದಿನ ಹಾಳೆ ಕಣ್ಣಿನ ಕಾಯಿಲೆಯ ಡಿಎನ್‌ಎ ಪರೀಕ್ಷೆ. ಕೆನ್ನೆಯ ಒಳಗಿನ ಎಂಜಲನ್ನು ಹತ್ತಿಗೆ ತಗುಲಿಸಿ ಲ್ಯಾಬ್‌ಗೆ ಕಳಿಸಿ ಮಾಡಿಸುವುದು.

ನಾಯಿಗಳಲ್ಲಿ ಪಿಆರ್‌ಎ ಎಂಬ ಕಣ್ಣಿನ ಕಾಯಿಲೆ ಇದೆ. ಮೊದಲು ಇರುಳುಗಣ್ಣು, ಆಮೇಲೆ ಪೂರ್ತಿ ಕುರುಡು. ಲ್ಯಾಬ್ರಡಾರ್‌ಗಳಲ್ಲಿ ಕಾಣುವ ಅದರ ಒಂದು ಬಗೆಗೆ ಕಾರಣವಾದ ಜೀನ್‌ನ ದೋಷವನ್ನು ವಿಜ್ಞಾನಿಗಳು 2006ರಲ್ಲಿ ಪತ್ತೆ ಮಾಡಿದರು. ಅದೇ ದೋಷ ಮನುಷ್ಯರಲ್ಲಿಯೂ ರೆಟಿನೈಟಿಸ್ ಪಿಗ್ಮೆಂಟೋಸಾ ತರಬಲ್ಲದು ಎಂದು ಆಗಲೇ ತಿಳಿಯಿತು. ತಂಗಿಯದು ಅದೇ ಜೀನ್ ಎಂದಲ್ಲ, ಈ ಕಾಯಿಲೆಗೆ ಕಾರಣವಾಗುವ ಜೀನ್‌ಗಳು ಹಲವಾರು ಇವೆ. ಆದರೆ ಕಾಯಿಲೆ ಒಂದೇ ಬಗೆಯದು. ನನ್ನ ತಂಗಿಯ ಕಣ್ಣಾಗಬೇಕಾದ ನಾಯಿಗೆ ನನ್ನ ತಂಗಿಯ ಕಾಯಿಲೆ ಇದೆಯೇ ಎಂದು ಆ ಹಾಳೆಯಲ್ಲಿ ಬರೆದಿತ್ತು.

ಗಂಡುನಾಯಿಗೆ ದೋಷವಿಲ್ಲ ಎಂದಿತ್ತು. ತಾಯಿನಾಯಿ 'ವಾಹಕ' ಎಂದಿತ್ತು. ನನಗೆ ಎದೆ ಧಸಕ್ಕೆಂದಿತು. ಬೇಡ, ಹೊರಡೋಣ ಎಂದುಕೊಂಡೆ. ಆಗ ಆ ಅಮ್ಮ ಒಂದು ಹಾಳೆ ತೆಗೆದುಕೊಂಡು ನಾಲ್ಕು ಚೌಕ ಬರೆದರು.

ಗುರುಗಳೇ, ಆ ನಾಲ್ಕು ಚೌಕವನ್ನು ನೀವು ಇದೇ ಕಟ್ಟಡದ ಕಪ್ಪುಹಲಗೆಯ ಮೇಲೆ ಬರೆದಿದ್ದಿರಿ. ಮೆಂಡೆಲ್, ಬಟಾಣಿ ಗಿಡ, ಎತ್ತರ ಮತ್ತು ಗಿಡ್ಡ. ನಮಗೆ ಅದು ಎರಡು ಅಂಕದ ಪ್ರಶ್ನೆ. ಪ್ರತಿ ಜೀವಿಗೂ ಒಂದೊಂದು ಜೀನ್‌ನ ಎರಡು ಪ್ರತಿ ಇರುತ್ತವೆ. ಒಂದು ಅಪ್ಪನಿಂದ, ಒಂದು ಅವ್ವನಿಂದ. ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುತ್ತದೆ. ಅಂಥವರು ವಾಹಕರು, ಅವರಿಗೆ ಏನೂ ತೊಂದರೆ ಇಲ್ಲ. ವಾಹಕರಿಗೂ ವಾಹಕರಿಗೂ ಜೊತೆಯಾದರೆ ಮಾತ್ರ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಎರಡೂ ಕೆಟ್ಟ ಪ್ರತಿ ಸೇರುವ ಸಂಭವವಿದೆ. ಒಂದು ಕಡೆ ದೋಷವಿಲ್ಲದಿದ್ದರೆ ಮರಿ ವಾಹಕ ಆಗಬಹುದೇ ಹೊರತು ಈ ಕಾಯಿಲೆ ಬರುವುದಿಲ್ಲ. ಒಳ್ಳೆಯ ಬ್ರೀಡರ್ ವಾಹಕ ನಾಯಿಯನ್ನು ಹೊರಗೆ ತಳ್ಳುವುದಿಲ್ಲ, ಅದರ ಜೊತೆಯನ್ನು ನೋಡಿ ಆರಿಸುತ್ತಾರೆ. ವಾಹಕ ಎಂದು ಎಲ್ಲವನ್ನೂ ಬಿಡುತ್ತಾ ಹೋದರೆ ಉಳಿದ ಕೆಲವೇ ನಾಯಿಗಳ ನಡುವೆ ಒಳಸಂಬಂಧ ಹೆಚ್ಚಿ ಇನ್ನೊಂದು ಕಾಯಿಲೆ ಬರುತ್ತದೆ.

ನಾನು ಇನ್ನೂ ಅನುಮಾನಿಸುತ್ತಿದ್ದೆ. ತಂಗಿ ನಕ್ಕು, "ಅಣ್ಣ, ವಾಹಕ ಅಂತ ಬಿಟ್ಟುಬಿಟ್ರೆ ನಮಗೆ ಅಪ್ಪನೂ ಇರಲ್ಲ, ಅವ್ವನೂ ಇರಲ್ಲ" ಅಂದಳು.

ಈ ಮಾತನ್ನು ಇಲ್ಲಿ ಹೇಳಲು ಅವಳೇ ನನಗೆ ಹೇಳಿದ್ದು. ಎತ್ತಿನ ಅವ್ವನನ್ನು ನೋಡಲು ಬಸ್ಸು ಹತ್ತಿ ಹೋದ ತಾತ ಮಗಳನ್ನು ಮನೆಯಲ್ಲೇ ಕೊಟ್ಟರು. ಬೀಜದ ಹೋರಿಯನ್ನು ಅದರ ಮಗಳಿಗೇ ಬಿಡಬಾರದೆಂದು ಗೊತ್ತಿದ್ದವರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಹೆಣ್ಣುಮಗು ಗುರುತಿಲ್ಲದ ಮನೆಗೆ ಹೋಗಿ ಕಷ್ಟಪಡಬಾರದು, ಕಣ್ಣೆದುರಿಗೇ ಇರಲಿ, ಜಮೀನು ಹಂಚಿಹೋಗಬಾರದು ಎಂಬ ಕಕ್ಕುಲಾತಿಯಿಂದ ಮಾಡಿದರು. ಅಪ್ಪ ಅವ್ವ ಸುಖವಾಗಿಯೇ ಬಾಳಿದ್ದಾರೆ. ಆದರೆ ಚೌಕದ ಲೆಕ್ಕ ಕಕ್ಕುಲಾತಿಯನ್ನು ಕೇಳುವುದಿಲ್ಲ. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಸರಾಸರಿ ಕಾಲು ಭಾಗ ಜೀನ್‌ಗಳು ಒಂದೇ ಮೂಲದವು. ಅತ್ತೆಯ ಮಗ, ಮಾವನ ಮಗಳ ನಡುವೆ ಎಂಟನೇ ಒಂದು ಭಾಗ. ಒಂದೇ ದೋಷದ ಪ್ರತಿ ಇಬ್ಬರಲ್ಲೂ ಅಡಗಿರುವ ಸಂಭವ ಹೊರಗಿನವರಿಗಿಂತ ಬಹಳ ಹೆಚ್ಚು. ಸಂಬಂಧದಲ್ಲಿ ಆದ ಮದುವೆಗಳಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ ಎಂಬುದೂ ನಿಜ. ನಮ್ಮ ಮನೆಯಲ್ಲೇ ನನಗೆ ಆಗಲಿಲ್ಲ, ತಂಗಿಗೆ ಆಯಿತು. ನನಗೂ ಅತ್ತೆಯ ಮಗಳನ್ನು ತರುವ ಮಾತು ಬಂದಿತ್ತು. ಬೇಡವೆಂದಾಗ ಎರಡು ವರ್ಷ ಅತ್ತೆ ನಮ್ಮ ಮನೆಗೆ ಬರಲಿಲ್ಲ. ಈಗ ಬರುತ್ತಾರೆ. ಇವತ್ತೂ ಬಂದಿದ್ದಾರೆ.

ಮರಿಯ ವಿಷಯ ಮುಗಿಸುತ್ತೇನೆ. ಮರಿಯನ್ನು ನಾವು ಆರಿಸಲಿಲ್ಲ. ಎಂಟು ವಾರ ಹಗಲೂ ರಾತ್ರಿ ನೋಡಿದವರು ಅವರು, ಅವರೇ ಆರಿಸಿದರು. ಎಲ್ಲಕ್ಕಿಂತ ಮುಂದೆ ಓಡಿ ಬಂದು ಹಾರಿದ ಮರಿಯನ್ನೂ ಕೊಡಲಿಲ್ಲ, ಮೂಲೆಯಲ್ಲಿದ್ದದ್ದನ್ನೂ ಕೊಡಲಿಲ್ಲ. ಒಂದು ಸ್ಟೀಲ್ ತಟ್ಟೆಯನ್ನು ನೆಲಕ್ಕೆ ಬೀಳಿಸಿದರು. ಎಲ್ಲ ಮರಿಗಳೂ ಬೆಚ್ಚಿದವು. ಬೆಚ್ಚುವುದು ತಪ್ಪಲ್ಲ, ಎಷ್ಟು ಬೇಗ ಸುಧಾರಿಸಿಕೊಂಡು ತಟ್ಟೆಯ ಹತ್ತಿರ ಬರುತ್ತದೆ ಎಂದು ನೋಡಬೇಕಂತೆ. ಒಂದು ಹಳದಿ ಹೆಣ್ಣುಮರಿ ಬಂದು ತಟ್ಟೆಯನ್ನು ಮೂಸಿತು. ಅದೇ ನಮ್ಮ ಚುಕ್ಕಿ. "ಇದು ಜಾತಕ ಅಲ್ಲ, ಅಂದಾಜು ಅಷ್ಟೇ" ಎಂದು ಆ ಅಮ್ಮ ಎಚ್ಚರಿಸಿಯೇ ಕಳಿಸಿದರು.

ಚುಕ್ಕಿಗೆ ಈಗ ಹದಿನೈದು ತಿಂಗಳು. ಮೆಟ್ಟಿಲು ಬಂದರೆ ನಿಲ್ಲುತ್ತದೆ. ಬಿದ್ದ ಕೀಲಿಕೈ ತಂದುಕೊಡುತ್ತದೆ. ಬಸ್ಸಿನ ಹಾರನ್ನಿಗೆ ಕಿವಿ ನಿಮಿರಿಸಿ ಮತ್ತೆ ಸುಮ್ಮನಾಗುತ್ತದೆ. ಬೀದಿನಾಯಿ ಬೊಗಳಿದರೆ ಮಾತ್ರ ಈಗಲೂ ತಿರುಗಿ ನಿಲ್ಲುತ್ತದೆ. ಎರಡು ವರ್ಷ ತುಂಬುವವರೆಗೆ ಹೇಳಲಾಗದು ಎನ್ನುತ್ತಾರೆ ತರಬೇತುದಾರರು. ತಲೆಮಾರುಗಳಿಂದ ಆರಿಸಿ ಬೆಳೆಸುವ ದೊಡ್ಡ ಸಂಸ್ಥೆಗಳಲ್ಲೂ ಎಲ್ಲ ಮರಿಗಳೂ ಪಾಸಾಗುವುದಿಲ್ಲ. ಚುಕ್ಕಿಯೂ ಪಾಸಾಗದಿರಬಹುದು. ಆಗ ಕರಿಯನ ಪಕ್ಕದಲ್ಲಿ ಜಗುಲಿಯ ಮೇಲೆ ಇನ್ನೊಂದು ನಾಯಿ ನೋಡುತ್ತೀರಿ, ಬಿಸ್ಕತ್ತಿನ ಖರ್ಚು ಹೆಚ್ಚುತ್ತದೆ. ಆದರೆ ಈ ಸಲ ನೋಡದೆ ತಂದೆ ಎಂಬ ಕೊರಗು ನನಗೆ ಇರುವುದಿಲ್ಲ.

ಮೂರು ವಿನಂತಿ ಮಾಡಿ ಕೂರುತ್ತೇನೆ. ಗುರುಗಳಲ್ಲಿ: ಸಂಜೆ ಎಡವುವ ಮಗು, ಮಬ್ಬಿನಲ್ಲಿ ಚೆಂಡು ಕಾಣದ ಮಗು ನಿಮ್ಮ ಕಣ್ಣಿಗೆ ಬಿದ್ದರೆ, ನಮ್ಮ ಮೇಷ್ಟ್ರ ಹಾಗೆ ಆ ಮನೆಗೆ ಹೋಗಿ ಬನ್ನಿ. ಊರಿನ ಹಿರಿಯರಲ್ಲಿ: ಸಂಬಂಧದಲ್ಲಿ ಮದುವೆಯ ಮಾತು ಎತ್ತುವ ಮೊದಲು, ಮನೆತನದಲ್ಲಿ ಕಣ್ಣು, ಕಿವಿ, ರಕ್ತದ ಕಾಯಿಲೆ ಇದ್ದರೆ ಡಾಕ್ಟರನ್ನು ಒಂದು ಮಾತು ಕೇಳಿ. ಅನುವಂಶೀಯತೆಯ ಬಗ್ಗೆ ಸಲಹೆ ಕೊಡುವವರು ದೊಡ್ಡ ಆಸ್ಪತ್ರೆಗಳಲ್ಲಿ ಇದ್ದಾರೆ. ಕರುವಿಗೆ ಮಾಡುವ ವಿಚಾರಣೆಯನ್ನು ಮಕ್ಕಳಿಗೂ ಮಾಡೋಣ. ಮಕ್ಕಳಲ್ಲಿ: ಮುಂದೆ ಎಂದಾದರೂ ಚುಕ್ಕಿ ನನ್ನ ತಂಗಿಯ ಪಕ್ಕದಲ್ಲಿ ಪಟ್ಟಿ ಕಟ್ಟಿಕೊಂಡು ನಮ್ಮ ಊರಿನ ರಸ್ತೆಯಲ್ಲಿ ನಡೆಯುವುದನ್ನು ಕಂಡರೆ ಕೂಗಬೇಡಿ, ಬಿಸ್ಕತ್ತು ತೋರಿಸಬೇಡಿ, ಮುಟ್ಟಬೇಡಿ. ಆಗ ಅದು ಕೆಲಸದಲ್ಲಿ ಇರುತ್ತದೆ. ಮನೆಗೆ ಬಂದು ಪಟ್ಟಿ ಬಿಚ್ಚಿದ ಮೇಲೆ ಎಷ್ಟು ಬೇಕಾದರೂ ಆಡಿ.

ಎರಡು ಅಂಕದ ಪ್ರಶ್ನೆಯನ್ನು ನಾನು ಎಸ್ಸೆಸ್ಸೆಲ್ಸಿಯಲ್ಲಿ ಸರಿಯಾಗಿಯೇ ಬರೆದಿದ್ದೆ. ಅದರ ಅರ್ಥ ತಿಳಿಯಲು ಇಪ್ಪತ್ತು ವರ್ಷ ಬೇಕಾಯಿತು. ಅದನ್ನು ಕಲಿಸಿದ ಈ ಶಾಲೆಗೆ, ಮೇಷ್ಟ್ರಿಗೆ ನಮಸ್ಕಾರ. ಹತ್ತು ನಿಮಿಷ ಮೀರಿದ್ದಕ್ಕೆ ಸಮಿತಿಯವರಲ್ಲಿ ಕ್ಷಮೆ ಕೇಳುತ್ತೇನೆ.